ಟ್ಯಾಬ್ಲೆಟ್ಟೋ, ಇ-ರೀಡರೋ: ಒಂದು ಶಾಲೆಗಾಗಿ ಹಾಕಿದ ಲೆಕ್ಕ

ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗೆ ಶಾಲೆಯಲ್ಲಿ ಪಾಠವೊಂದೇ ಕೆಲಸವಲ್ಲ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಬಿಸಿಯೂಟದ ಹೊತ್ತಿಗೆ ಮಕ್ಕಳನ್ನು ನೋಡಿಕೊಳ್ಳುವುದು, ಪ್ರತಿಭಾ ಕಾರಂಜಿಗೆ ಹಾಡು ಕಲಿಸುವುದು, ಎಲ್ಲವೂ ನಮ್ಮ ಪಾಲಿಗೆ ಬರುತ್ತವೆ. ಸಂಡೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನನ್ನ ಪಾಲಿಗೆ ಬಂದದ್ದು ಸ್ವಲ್ಪ ಬೇರೆ ಬಗೆಯ ಕೆಲಸ. ಆ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ 40,000 ರೂಪಾಯಿ ಕೂಡಿಸಿದ್ದರು. ಮಕ್ಕಳು ಡಿಜಿಟಲ್ ಪುಸ್ತಕ ಓದುವಂತಾಗಬೇಕು ಎಂಬುದಷ್ಟೇ ಅವರ ಷರತ್ತು. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಹೇಳಿದರು: "ನೀನು ಸೈನ್ಸ್ ಓದಿದಾಕಿ, ನೋಡಮ್ಮಾ. ಟ್ಯಾಬ್ ಚಲೋನೋ, ಬರೀ ಪುಸ್ತಕ ಓದೋ ಮಷಿನ್ ಬರ್ತಾವಲ್ಲ ಅವು ಚಲೋನೋ, ವಿಚಾರ ಮಾಡಿ ಎರಡು ಪುಟ ಬರ್ದು ಕೊಡು. ಎಸ್‌ಡಿಎಂಸಿ ಸಭೆಯೊಳಗ ಇಡೋಣ."

ಆ ಎರಡು ಪುಟ ಬರೆಯಲು ನನಗೆ ಮೂರು ವಾರ ಹಿಡಿಯಿತು. ಪಾಠಯೋಜನೆಗೆ ಇಷ್ಟು ತಲೆಕೆಡಿಸಿಕೊಂಡಿರಲಿಲ್ಲ. ಮುಂದೆ ನಮ್ಮಲ್ಲಿ ಅನೇಕರಿಗೆ ಇಂಥದೇ ಪ್ರಶ್ನೆ ಬರಬಹುದು. ಶಿಕ್ಷಕರಾದ ಮೇಲೆ ದಾನಿಗಳು ಬರುತ್ತಾರೆ, ಅನುದಾನ ಬರುತ್ತದೆ, ಖರೀದಿಯ ಪಟ್ಟಿಗೆ ನಮ್ಮ ಸಹಿ ಬೇಕಾಗುತ್ತದೆ. ಆದ್ದರಿಂದ ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡೂ ಸಾಧನಗಳನ್ನು ಕೈಯಲ್ಲಿ ಹಿಡಿದು ನೋಡಬೇಕಿತ್ತು. ಹೊಸಪೇಟೆಯ ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿಯ ಹತ್ತಿರ 10 ಇಂಚಿನ ಟ್ಯಾಬ್ಲೆಟ್ ಇತ್ತು. ಬೆಂಗಳೂರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗಳು, ಅಕ್ಕ, ಕಾದಂಬರಿ ಓದಲೆಂದು ಕೊಂಡಿದ್ದ 6 ಇಂಚಿನ ಹಳೆಯ ಇ-ರೀಡರನ್ನು ಕಳಿಸಿಕೊಟ್ಟಳು. ಎರಡನ್ನೂ ಒಂದು ವಾರ ಶಾಲೆಗೆ ಒಯ್ದೆ. ಆಗ ಎಂಟನೇ ತರಗತಿಗೆ ನಾನು ತೆಗೆದುಕೊಂಡಿದ್ದ ಪಾಠ 'ಬೆಳಕು'. ಆ ಪಾಠಕ್ಕೆ ಇವೆರಡಕ್ಕಿಂತ ಒಳ್ಳೆಯ ಬೋಧನೋಪಕರಣ ಬೇರೆ ಸಿಗಲಾರದು ಎಂದು ಈಗ ಅನ್ನಿಸುತ್ತದೆ.

ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ಎರಡನ್ನೂ ತೆರೆದೆವು. ಸಂಡೂರಿನ ಬಿಸಿಲು ಎಂಥದೆಂದು ಹೇಳಬೇಕಾಗಿಲ್ಲ. ಟ್ಯಾಬ್ಲೆಟ್ಟಿನ ಪರದೆಯಲ್ಲಿ ಪಾಠ ಕಾಣಲಿಲ್ಲ, ಮರದ ಕೊಂಬೆ ಕಂಡಿತು. ಇಬ್ಬರು ಹುಡುಗಿಯರು ಅದರಲ್ಲಿ ಮುಖ ನೋಡಿಕೊಂಡು ಜಡೆ ಸರಿಮಾಡಿಕೊಂಡರು. ನುಣುಪಾದ ಗಾಜಿನ ಮೇಲೆ ಬಿದ್ದ ಬೆಳಕು ನಿಯತವಾಗಿ ಪ್ರತಿಫಲಿಸಿ ಬಿಂಬ ಮೂಡಿಸುತ್ತದೆ ಎಂಬುದನ್ನು ನಾನು ಕಪ್ಪು ಹಲಗೆಯ ಮೇಲೆ ಬರೆಯಬೇಕಾಗಲೇ ಇಲ್ಲ. ಇ-ರೀಡರಿನ ಮೇಲೆ ಅದೇ ಬಿಸಿಲು ಬಿದ್ದರೆ ಅಕ್ಷರ ಇನ್ನಷ್ಟು ಸ್ಪಷ್ಟವಾದವು. ಅದರ ಮೇಲ್ಮೈ ಕಾಗದದ ಹಾಗೆ ಮಂದ. ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ಅಂದರೆ ಟ್ಯಾಬ್ಲೆಟ್ ತನ್ನ ಬೆಳಕನ್ನು ತಾನೇ ಹೊರಸೂಸುತ್ತದೆ, ಇ-ರೀಡರ್ ಬೇರೆಯವರ ಬೆಳಕಿನಲ್ಲಿ ಕಾಣಿಸುತ್ತದೆ.

ಇ-ರೀಡರಿನ ಪರದೆಯ ಒಳಗೆ ಕೂದಲೆಳೆಯಷ್ಟು ಅಗಲದ ಪುಟ್ಟ ಪುಟ್ಟ ಕೋಶಗಳಿರುತ್ತವೆ. ಪ್ರತಿ ಕೋಶದ ದ್ರವದಲ್ಲಿ ಧನ ವಿದ್ಯುದಂಶದ ಬಿಳಿ ಕಣಗಳೂ ಋಣ ವಿದ್ಯುದಂಶದ ಕರಿ ಕಣಗಳೂ ತೇಲುತ್ತವೆ. ಕೆಳಗಿನ ವಿದ್ಯುದ್ವಾರಕ್ಕೆ ಯಾವ ಆವೇಶ ಕೊಡುತ್ತೇವೋ ಅದರಂತೆ ಬಿಳಿಯೋ ಕರಿಯೋ ಮೇಲಕ್ಕೆ ಬರುತ್ತದೆ. ಒಮ್ಮೆ ಮೇಲೆ ಬಂದ ಕಣ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಪುಟ ಹೊರಳಿಸುವಾಗ ಮಾತ್ರ ವಿದ್ಯುತ್ ಬೇಕು, ಪುಟ ತೋರಿಸುತ್ತಾ ಇರಲು ಬೇಡ. ಇದನ್ನು ಹೇಳಿ ಇ-ರೀಡರನ್ನು ಆರಿಸಿದೆ. "ಟೀಚರ್, ಆಫ್ ಮಾಡಿದ್ರೂ ಚಿತ್ರ ಹೋಗ್ಲಿಲ್ಲಲ್ರೀ!" ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಟ್ಯಾಬ್ಲೆಟ್ಟಿನ ಬಿಳಿ ಪರದೆಯ ಮೇಲೆ ಬೆರಳ ತುದಿಯಿಂದ ಒಂದು ಸಣ್ಣ ಹನಿ ನೀರು ಇಟ್ಟೆವು. ಹನಿ ಮಸೂರದಂತೆ ಕೆಲಸ ಮಾಡಿ, ಬಿಳಿ ಎಂದುಕೊಂಡ ಜಾಗದಲ್ಲಿ ಕೆಂಪು, ಹಸಿರು, ನೀಲಿ ಚುಕ್ಕೆಗಳನ್ನು ತೋರಿಸಿತು. ಖರ್ಚಿಲ್ಲದ ಈ ಪ್ರಯೋಗವನ್ನು ನೀವೂ ಮಾಡಿಸಬಹುದು.

ವಿಜ್ಞಾನದ ವಿದ್ಯಾರ್ಥಿನಿಯಾಗಿ ನನ್ನ ಮನಸ್ಸು ಮೊದಲ ದಿನವೇ ಇ-ರೀಡರಿನ ಕಡೆ ವಾಲಿತು. ನಮ್ಮ ಭಾಗದ ಪರಿಸ್ಥಿತಿಗೂ ಅದೇ ಹೊಂದುತ್ತದೆ ಅನ್ನಿಸಿತು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಒಮ್ಮೆ ಚಾರ್ಜ್ ಮಾಡಿದ ಇ-ರೀಡರ್ ಆ ವಾರವಿಡೀ ನಡೆಯಿತು. ಟ್ಯಾಬ್ಲೆಟ್ಟಿನಲ್ಲಿ ಎರಡು ಅವಧಿ ವಿಡಿಯೊ ತೋರಿಸಿದರೆ ಸಂಜೆಯ ಹೊತ್ತಿಗೆ ಬ್ಯಾಟರಿ ಇಳಿದಿರುತ್ತಿತ್ತು. ಓದುವಾಗಿನ ಗಮನದಲ್ಲೂ ವ್ಯತ್ಯಾಸ ಕಂಡೆ. ಟ್ಯಾಬ್ಲೆಟ್ ಹಿಡಿದ ಗುಂಪು ಸ್ವಲ್ಪ ಹೊತ್ತಿನಲ್ಲೇ ಪಾಠ ಬಿಟ್ಟು ಕ್ಯಾಮೆರಾ ತೆರೆದು ಪರಸ್ಪರ ಫೋಟೊ ತೆಗೆಯಲು ಹೊರಟಿತು. ಇ-ರೀಡರ್ ಹಿಡಿದವರಿಗೆ ಬೇರೆ ಹೋಗಲು ದಾರಿಯೇ ಇರಲಿಲ್ಲ. ಬೇಸರವಾದರೆ ಕೆಳಗಿಡಬೇಕು, ಇಲ್ಲವೇ ಓದಬೇಕು.

ರಾತ್ರಿಯ ಓದಿನ ಬಗ್ಗೆಯೂ ಒಂದು ಮಾತು ಸೇರಿಸಬೇಕು. ಅಮೆರಿಕದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 12 ಮಂದಿ ಮಲಗುವ ಮುನ್ನ ಕೆಲವು ರಾತ್ರಿ ಬೆಳಕು ಸೂಸುವ ಟ್ಯಾಬ್ಲೆಟ್ಟಿನಲ್ಲೂ ಕೆಲವು ರಾತ್ರಿ ಅಚ್ಚಿನ ಪುಸ್ತಕದಲ್ಲೂ ಓದಿದರು. ಟ್ಯಾಬ್ಲೆಟ್ಟಿನಲ್ಲಿ ಓದಿದ ರಾತ್ರಿಗಳಲ್ಲಿ ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ಹಾರ್ಮೋನಿನ ಪ್ರಮಾಣ ಕುಗ್ಗಿತ್ತು, ನಿದ್ದೆ ಹತ್ತುವುದೂ ತಡವಾಗಿತ್ತು. ಕೇವಲ 12 ಜನರ ಪ್ರಯೋಗ, ಅದೂ ದಿನಕ್ಕೆ ನಾಲ್ಕು ಗಂಟೆ ಓದಿಸಿದ್ದು. ಆದ್ದರಿಂದ ಅದನ್ನೇ ಹಿಡಿದು ಮಕ್ಕಳನ್ನು ಹೆದರಿಸಬಾರದು. ಆದರೆ ಸಾಧನ ಮನೆಗೆ ಹೋಗುವುದಾದರೆ ಯೋಚಿಸಬೇಕಾದ ವಿಷಯ.

ಇಷ್ಟೆಲ್ಲ ಇ-ರೀಡರಿನ ಪರವಾಗಿತ್ತು. ಆ ವಾರದ ಕೊನೆಗೆ, ಭಾನುವಾರ, ಅದನ್ನು ಚೀಲದಲ್ಲಿಟ್ಟುಕೊಂಡು ಹೊಸಪೇಟೆಯಿಂದ ಹಂಪಿಗೆ ಹೋದೆ. ರಾಬರ್ಟ್ ಸೀವೆಲ್ ಅವರು ವಿಜಯನಗರದ ಬಗ್ಗೆ 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗಿನಲ್ಲಿ ಉಚಿತವಾಗಿ ಸಿಗುತ್ತದೆ. ಸುಮಾರು 1520ರ ಹೊತ್ತಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ವರದಿಯ ಅನುವಾದ ಆ ಪುಸ್ತಕದಲ್ಲಿದೆ. ವಿರೂಪಾಕ್ಷ ಗುಡಿಯ ಮುಂದಿನ ಸಾಲು ಮಂಟಪಗಳ ನೆರಳಿನಲ್ಲಿ ಕೂತು, ಆ ಬೀದಿಯ ಕಡೆ ನೋಡುತ್ತಾ, ಪಾಯೆಸ್ ಕಂಡ ನಗರವನ್ನು ಓದಿದೆ. ಅಕ್ಷರ ದೊಡ್ಡದು ಮಾಡಿಕೊಂಡೆ, ಸಾಲುಗಳು ತಾವಾಗಿಯೇ ಹೊಂದಿಕೊಂಡವು. ಅರ್ಥವಾಗದ ಪದದ ಮೇಲೆ ಬೆರಳಿಟ್ಟರೆ ಅರ್ಥ ಬಂತು. ಎರಡು ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಆಮೇಲೆ ಕನ್ನಡದ ಪುಸ್ತಕ ತೆರೆದೆ. ಅಂತರ್ಜಾಲದಲ್ಲಿ ಯಾರೋ ಸ್ಕ್ಯಾನ್ ಮಾಡಿ ಹಾಕಿದ ಹಳೆಯ ಪುಸ್ತಕದ ಪಿಡಿಎಫ್ ಅದು. ಪುಟ ಪೂರ್ತಿ ಕಂಡಿತು, ಆದರೆ ಅಕ್ಷರ ಇರುವೆಯ ಸಾಲಿನಂತಾಗಿತ್ತು. ಅಲ್ಲೇ ಲೆಕ್ಕ ಹಾಕಿ ನೋಡಿದೆ. ನಮ್ಮ ಬಹುತೇಕ ಕನ್ನಡ ಪುಸ್ತಕಗಳು ಡೆಮಿ 1/8 ಆಕಾರದವು. ಪುಟದ ಅಗಲ ಸುಮಾರು 14 ಸೆಂ.ಮೀ. 6 ಇಂಚಿನ ಇ-ರೀಡರಿನ ಪರದೆಯ ಅಗಲ ಸುಮಾರು 9 ಸೆಂ.ಮೀ. ಅಂದರೆ ಪ್ರತಿ ಅಕ್ಷರವೂ ಮೂರನೇ ಎರಡರಷ್ಟಕ್ಕೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 8 ಪಾಯಿಂಟಿಗೂ ಕಡಿಮೆಯಾಗುತ್ತದೆ. 21 ಸೆಂ.ಮೀ. ಅಗಲದ ಎ4 ಹಾಳೆಯಾದರೆ ಅರ್ಧಕ್ಕಿಂತಲೂ ಚಿಕ್ಕದು. ಇಂಗ್ಲಿಷ್ ಅಕ್ಷರ ಕುಗ್ಗಿದರೂ ಊಹಿಸಿ ಓದಬಹುದು. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಇರುತ್ತದೆ, ಮೇಲೆ ಗುಣಿತದ ಚಿಹ್ನೆ ಇರುತ್ತದೆ. ಕುಗ್ಗಿದಾಗ ಮೊದಲು ಕಾಣೆಯಾಗುವುದು ಆ ಒತ್ತುಗಳೇ. 10 ಇಂಚಿನ ಟ್ಯಾಬ್ಲೆಟ್ಟಿನ ಅಗಲ ಸುಮಾರು 13.5 ಸೆಂ.ಮೀ.; ಅದೇ ಪುಟ ಅಲ್ಲಿ ಹೆಚ್ಚೂ ಕಡಿಮೆ ಅಚ್ಚಿನಷ್ಟೇ ದೊಡ್ಡದಾಗಿ ಕಾಣುತ್ತದೆ.

ಆ ದಿನದಿಂದ ನನ್ನ ಪ್ರಶ್ನೆಯೇ ಬದಲಾಯಿತು. ಅಲ್ಲಿಯವರೆಗೆ ಯಾವ ಸಾಧನ ಒಳ್ಳೆಯದು ಎಂದು ಕೇಳುತ್ತಿದ್ದೆ. ಆಮೇಲೆ, ನಮ್ಮ ಮಕ್ಕಳು ಓದಬೇಕಾದ ಪುಸ್ತಕ ಯಾವ ರೂಪದಲ್ಲಿದೆ ಎಂದು ಕೇಳತೊಡಗಿದೆ.

ಡಿಜಿಟಲ್ ಪುಸ್ತಕದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪಿಡಿಎಫ್. ಇದು ಅಚ್ಚಿನ ಪುಟದ ಪಡಿಯಚ್ಚು. ಎಲ್ಲಿ ತೆರೆದರೂ ಪುಟ ಒಂದೇ ರೀತಿ ಇರುತ್ತದೆ, ಬೇಕಾದರೆ ಇಡೀ ಪುಟವನ್ನು ಹಿಗ್ಗಿಸಬೇಕು. ಇನ್ನೊಂದು ಇಪಬ್. ಇದರಲ್ಲಿ ಪಠ್ಯ ನೀರಿನಂತೆ. ಪರದೆ ಎಷ್ಟು ದೊಡ್ಡದೋ, ಅಕ್ಷರ ಎಷ್ಟು ದೊಡ್ಡದು ಬೇಕೋ, ಅದಕ್ಕೆ ತಕ್ಕಂತೆ ಸಾಲು ಹರಿದು ಹೊಂದಿಕೊಳ್ಳುತ್ತದೆ. ಇ-ರೀಡರ್ ಹುಟ್ಟಿದ್ದೇ ಎರಡನೆಯ ಜಾತಿಯ ಪುಸ್ತಕಕ್ಕಾಗಿ. ನಮ್ಮ ಮಕ್ಕಳ ಪುಸ್ತಕಗಳು ಯಾವ ಜಾತಿಯವು ಎಂದು ಪಟ್ಟಿ ಮಾಡಿದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಪಿಡಿಎಫ್ ರೂಪದಲ್ಲಿ. ಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ, 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ವೇದಿಕೆಯ ವಿಡಿಯೊ, ಅಭ್ಯಾಸಗಳು ತೆರೆಯುತ್ತವೆ. ಅದಕ್ಕೆ ಕ್ಯಾಮೆರಾ, ಬಣ್ಣ, ಧ್ವನಿ ಎಲ್ಲ ಬೇಕು. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರಿನಲ್ಲಿ ಕನ್ನಡದ ಎಷ್ಟೋ ಮಕ್ಕಳ ಕಥೆಗಳು ಉಚಿತವಾಗಿವೆ, ಆದರೆ ಅವುಗಳ ಅರ್ಧ ಸೊಗಸು ಬಣ್ಣದ ಚಿತ್ರದಲ್ಲಿದೆ. ಮೈಲ್ಯಾಂಗ್‌ನಂಥ ಕನ್ನಡ ಇ-ಪುಸ್ತಕದ ಅಂಗಡಿಗಳು ನಡೆಯುವುದು ಆ್ಯಪ್ ಮೂಲಕ. ಆ್ಯಪ್ ಹಾಕಿಕೊಳ್ಳಲು ಬಿಡದ ಇ-ರೀಡರಿನಲ್ಲಿ ಅವನ್ನು ಓದುವಂತಿಲ್ಲ. ಕಿಂಡಲ್ ಅಂಗಡಿಯಲ್ಲಿ ಅಮೆಜಾನ್ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಆ ಐದರ ಪಟ್ಟಿಯಲ್ಲಿ ಇರಲಿಲ್ಲ. ಇಪಬ್ ರೂಪದಲ್ಲಿ ಇಳಿಸಿಕೊಳ್ಳಬಹುದಾದ ಕನ್ನಡವೆಂದರೆ ಮುಖ್ಯವಾಗಿ ವಿಕಿಸೋರ್ಸಿನಲ್ಲಿರುವ ವಚನಗಳು, ಕುಮಾರವ್ಯಾಸ ಭಾರತದಂಥ ಹಳೆಯ ಕೃತಿಗಳು. ಲೇಖಕರು ತೀರಿಕೊಂಡು 60 ವರ್ಷವಾಗುವವರೆಗೆ ಹಕ್ಕುಸ್ವಾಮ್ಯ ಇರುವುದರಿಂದ ಹೊಸ ಪುಸ್ತಕಗಳು ಅಲ್ಲಿಗೆ ಬರುವಂತಿಲ್ಲ.

ಇನ್ನೊಂದು ತೊಡಕು ಅಕ್ಷರದ ಒಳಗೇ ಇದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿದೆ. ಆದರೂ ಬಹಳ ವರ್ಷ ನಮ್ಮ ಡಿಟಿಪಿ ಕೆಲಸವೆಲ್ಲ ಬೇರೆ ಫಾಂಟುಗಳಲ್ಲಿ ನಡೆಯಿತು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುವ ಏರ್ಪಾಟು ಅದು. ಕಾಗದದ ಮೇಲೆ ಅಚ್ಚಾಗಿ ಬಂದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಅಂಥ ಫೈಲಿನಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ: ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬರುತ್ತದೆ. ಅದರಲ್ಲಿ ಪದ ಹುಡುಕಲು ಆಗದು, ಅಕ್ಷರ ದೊಡ್ಡದು ಮಾಡಿ ಸಾಲು ಹರಿಸಲು ಆಗದು, ಯಂತ್ರದಿಂದ ಗಟ್ಟಿಯಾಗಿ ಓದಿಸಲೂ ಆಗದು. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ಕನ್ನಡವಲ್ಲ.

ಇದೆಲ್ಲ ತಾಂತ್ರಿಕ ಮಾತು ಎಂದು ಬಿಡಬಹುದಿತ್ತು. ಬಿಡಲಾಗದಂತೆ ಮಾಡಿದ್ದು ಆ ತರಗತಿಯ ಮುಂದಿನ ಬೆಂಚಿನ ಒಬ್ಬ ಹುಡುಗ. ಕನ್ನಡಕ ಹಾಕಿದರೂ ಅವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಸಾಮಾನ್ಯ ದೃಷ್ಟಿಯವರು ಪುಸ್ತಕವನ್ನು 25 ಸೆಂ.ಮೀ. ದೂರದಲ್ಲಿ ಹಿಡಿದು ಆರಾಮವಾಗಿ ಓದುತ್ತಾರೆ ಎಂದು ನಾನು ಪಾಠ ಮಾಡುವಾಗ, ಅವನ ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರವಿತ್ತು. ಪಕ್ಕದ ಹುಡುಗ ಓದಿ ಹೇಳುತ್ತಿದ್ದ, ಇವನು ಕೇಳಿಸಿಕೊಳ್ಳುತ್ತಿದ್ದ. ಪ್ರಶ್ನೆ ಕೇಳಿದರೆ ಉತ್ತರಿಸುವುದು ಕಡಿಮೆ. ನನಗೆ ಕೊಟ್ಟ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ನಿಧಾನ ಕಲಿಕೆ' ಎಂದಿತ್ತು.

ಟ್ಯಾಬ್ಲೆಟ್ಟಿನಲ್ಲಿ ಪಠ್ಯಪುಸ್ತಕದ ಪಿಡಿಎಫ್ ತೆರೆದು ಅವನ ಕೈಗೆ ಕೊಟ್ಟೆ. ಎರಡು ಬೆರಳಿನಿಂದ ಪುಟ ಹಿಗ್ಗಿಸಿದ. ಅಕ್ಷರ ದೊಡ್ಡದಾಯಿತು, ಸಾಲು ಪರದೆಯ ಆಚೆ ಹೋಯಿತು. ಪ್ರತಿ ಸಾಲಿಗೂ ಬಲಕ್ಕೆ ಎಳೆಯಬೇಕು, ಮತ್ತೆ ಎಡಕ್ಕೆ ತಂದು ಮುಂದಿನ ಸಾಲು ಹುಡುಕಬೇಕು. ನಾಲ್ಕು ಸಾಲು ಓದಿ, "ಸಾಕ್ರೀ ಟೀಚರ್" ಎಂದು ಹಿಂತಿರುಗಿಸಿದ.

ಆ ಶನಿವಾರ ಕಂಪ್ಲಿಯ ಮನೆಗೆ ಹೋದಾಗ 'ಬೆಳಕು' ಪಾಠದ ಕಣ್ಣಿನ ಭಾಗವನ್ನು ಯೂನಿಕೋಡಿನಲ್ಲಿ ಟೈಪ್ ಮಾಡತೊಡಗಿದೆ. ಅಪ್ಪ ಭತ್ತದ ಗದ್ದೆಗೆ ನೀರು ಬಿಟ್ಟು ಬಂದು, "ರಜಾದಾಗೂ ಏನವ್ವ ಅದು ಕುಟ್ಟೋದು?" ಎಂದು ಕೇಳಿದರು. ಪಿಯುಸಿ ಓದುವ ತಮ್ಮ ಅರ್ಧ ಓದಿ ಹೇಳಿದ, ನಾನು ಕುಟ್ಟಿದೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಓಣಿಯ ಮಕ್ಕಳು ಮನೆಯ ಒಂದೇ ಫೋನಿಗಾಗಿ ಅಪ್ಪ ಗದ್ದೆಯಿಂದ ಬರುವುದನ್ನೇ ಕಾಯುತ್ತಿದ್ದುದು ನೆನಪಾಯಿತು. ಆಗ ಎಲ್ಲರೂ ಸಾಧನ ಇದೆಯೇ ಇಲ್ಲವೇ ಎಂದಷ್ಟೇ ಕೇಳಿದೆವು. ಸಾಧನ ಸಿಕ್ಕ ಮೇಲೂ ಓದಲಾಗದ ಮಗುವಿನ ಬಗ್ಗೆ ಕೇಳಲಿಲ್ಲ.

ಹೀಗೆ ಪಾಠವನ್ನು ಬೇರೆ ರೂಪಕ್ಕೆ ತರುವುದು ಸರಿಯೇ ಎಂಬ ಸಂಶಯ ನಿಮಗೂ ಬರಬಹುದು. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಅಂಗವೈಕಲ್ಯದಿಂದ ಮಾಮೂಲಿ ಪುಸ್ತಕ ಓದಲಾಗದವರಿಗಾಗಿ, ಲಾಭದ ಉದ್ದೇಶವಿಲ್ಲದೆ, ಓದಬಲ್ಲ ರೂಪಕ್ಕೆ ಪರಿವರ್ತಿಸಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಸ್ಥಿರೀಕರಿಸಿದ ದೇಶ ಭಾರತ. ಕಾನೂನು ಇದೆ. ಕೆಲಸ ಮಾಡುವ ಕೈ ಬೇಕು, ಅಷ್ಟೆ.

ಟೈಪ್ ಮಾಡಿದ್ದನ್ನು ಲಿಬ್ರೆಆಫೀಸ್ ರೈಟರಿನಲ್ಲಿ ಇಪಬ್ ಆಗಿ ಉಳಿಸಿದೆ. ಚಿತ್ರಗಳ ಬಳಿ ನಿಂತುಬಿಟ್ಟೆ. ಅವನಿಗೆ ಚಿತ್ರವೂ ಸರಿಯಾಗಿ ಕಾಣುವುದಿಲ್ಲವಲ್ಲ. ಹಾಗಾಗಿ ಪ್ರತಿ ಚಿತ್ರವನ್ನೂ ಮಾತಿನಲ್ಲಿ ಬರೆದೆ: ಬೆಳಕು ಕಣ್ಣಿನ ಮುಂದಿನ ಪಾರದರ್ಶಕ ಪದರದಿಂದ ಒಳಬರುತ್ತದೆ, ಪಾಪೆಯ ಮೂಲಕ ಹಾದು ಮಸೂರಕ್ಕೆ ಬರುತ್ತದೆ, ಅಲ್ಲಿಂದ ಹಿಂಬದಿಯ ಅಕ್ಷಿಪಟಲದ ಮೇಲೆ ಬೀಳುತ್ತದೆ, ಹೀಗೆ. ಕಪ್ಪು ಹಲಗೆಯ ಮೇಲೆ ಬಾಣದ ಗುರುತು ಹಾಕಿ "ಇಲ್ಲಿಂದ ಇಲ್ಲಿಗೆ" ಎಂದು ಹೇಳುತ್ತಿದ್ದ ಕಡೆಯಲ್ಲೆಲ್ಲ ಈಗ ಹೆಸರು, ದಿಕ್ಕು, ಕಾರಣ ಹೇಳಬೇಕಾಯಿತು. ಸೋಮವಾರ ಅದೇ ವಾಕ್ಯಗಳನ್ನು ಇಡೀ ತರಗತಿಗೆ ಹೇಳಿದೆ. ಅಂದು ವೀಕ್ಷಣೆಗೆ ಬಂದ ಮಾರ್ಗದರ್ಶಕ ಶಿಕ್ಷಕರು ವಿವರಣೆ ಸ್ಪಷ್ಟವಾಗಿದೆ ಎಂದು ಅವಲೋಕನ ಪುಸ್ತಕದಲ್ಲಿ ಬರೆದರು.

ಆ ಹುಡುಗನಿಗೆ ಮೊದಲು ಇ-ರೀಡರ್ ಕೊಟ್ಟೆ. ಅಕ್ಷರ ದೊಡ್ಡದಾದವು, ಸಾಲು ಹರಿದವು, ಆದರೆ ಕೆಲವು ಒತ್ತಕ್ಷರಗಳು ಕೆಳಗೆ ಕೂರುವ ಬದಲು ಪಕ್ಕಕ್ಕೆ ಸರಿದು ನಿಂತವು. ಕ, ಅರ್ಧಚಿಹ್ನೆ, ಷ ಈ ಮೂರು ಸಂಕೇತ ಸೇರಿ 'ಕ್ಷ' ಆಗಬೇಕಾದರೆ ಸಾಧನದ ತಂತ್ರಾಂಶಕ್ಕೆ ಕನ್ನಡ ಜೋಡಿಸುವ ನಿಯಮ ಗೊತ್ತಿರಬೇಕು. ಆ ಹಳೆಯ ಮಾದರಿಗೆ ಅದು ಪೂರ್ತಿ ಗೊತ್ತಿರಲಿಲ್ಲ. ಆಮೇಲೆ ಟ್ಯಾಬ್ಲೆಟ್ ಕೊಟ್ಟೆ. ಅಕ್ಷರ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು ಮಾಡಿಕೊಂಡ. ಒಂದು ಪರದೆಗೆ ಆರೇಳು ಸಾಲು. ಕೊಠಡಿಯ ಒಳಗೆ, ಕಿಟಕಿಗೆ ಬೆನ್ನು ಮಾಡಿ ಕೂತು, ನಿಧಾನವಾಗಿ, ಯಾರ ಸಹಾಯವೂ ಇಲ್ಲದೆ, ಗಟ್ಟಿಯಾಗಿ ಓದಿದ. ಅಕ್ಷಿಪಟಲದಲ್ಲಿ ನರ ಹೊರಡುವ ಜಾಗದಲ್ಲಿ ದೃಷ್ಟಿ ಇರುವುದಿಲ್ಲ, ಅದನ್ನು ಅಂಧ ಬಿಂದು ಎನ್ನುತ್ತಾರೆ ಎಂಬಲ್ಲಿಗೆ ಬಂದು ನಿಲ್ಲಿಸಿದ. "ಟೀಚರ್, ಇದು ಎಲ್ಲಾರ ಕಣ್ಣಾಗೂ ಇರ್ತದೇನ್ರೀ?" ಎಂದು ಕೇಳಿದ. ಎಲ್ಲರ ಕಣ್ಣಲ್ಲೂ ಇರುತ್ತದೆ ಎಂದೆ. ಬೋಧನಾಭ್ಯಾಸದ ಅವಧಿಯಲ್ಲಿ ಅವನಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು. ನಿಧಾನವಾಗಿದ್ದದ್ದು ಅವನ ಕಲಿಕೆಯಲ್ಲ ಎಂದು ನನಗೆ ಖಾತ್ರಿಯಾಯಿತು.

ಹೊಸಪೇಟೆಯ ಅಂಗಡಿಯಲ್ಲಿ ದರ ವಿಚಾರಿಸಿದೆ. 10 ಇಂಚಿನ ಸಾಧಾರಣ ಟ್ಯಾಬ್ಲೆಟ್ ಕವರು ಸಹಿತ ಸುಮಾರು 14,000 ರೂಪಾಯಿ, ಇ-ರೀಡರ್ ಸುಮಾರು 12,000 ರೂಪಾಯಿ ಎಂದರು. ಪೂರ್ತಿ ಹಣಕ್ಕೆ ಮೂರು ಇ-ರೀಡರ್ ಬರುತ್ತವೆ, ಇಲ್ಲವೇ ಟ್ಯಾಬ್ಲೆಟ್ ಎರಡು ಬಂದು ಹಣ ಉಳಿಯುತ್ತದೆ. ಎಂಟನೇ ತರಗತಿಯೊಂದರಲ್ಲೇ 38 ಮಕ್ಕಳು. ಯಾವುದನ್ನು ಕೊಂಡರೂ ಅದು ಎಲ್ಲರ ಕೈಗೆ ಒಟ್ಟಿಗೆ ಬರುವುದಿಲ್ಲ. ಜೊತೆಗೆ, ಪರದೆಯ ಓದು ಕಾಗದದ ಓದಿಗೆ ಸಮವೇ ಎಂಬ ಪ್ರಶ್ನೆಯೂ ಇದೆ. ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮಾಹಿತಿ ಪ್ರಧಾನ ಪಠ್ಯ ಓದುವಾಗ ಮತ್ತು ಸಮಯದ ಒತ್ತಡವಿರುವಾಗ ಕಾಗದದಲ್ಲಿ ಓದಿದವರ ಗ್ರಹಿಕೆ ಹೆಚ್ಚು. ವಿಜ್ಞಾನದ ಪಾಠ ಮಾಹಿತಿ ಪ್ರಧಾನವೇ. ಇ-ರೀಡರ್ ಕಾಗದದಂತೆ ಕಂಡರೂ ಪೂರ್ತಿ ಕಾಗದವಲ್ಲ. ನಾರ್ವೆಯ ಆನ್ ಮಾಂಗೆನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಓದುಗರಿಗೆ ಒಂದೇ ಕಥೆಯನ್ನು, ಅರ್ಧ ಜನಕ್ಕೆ ಕಿಂಡಲಿನಲ್ಲಿ, ಅರ್ಧ ಜನಕ್ಕೆ ಅಚ್ಚಿನಲ್ಲಿ ಕೊಟ್ಟಿದ್ದರು. ಬಹುತೇಕ ಅಂಶಗಳಲ್ಲಿ ಇಬ್ಬರೂ ಸಮ. ಆದರೆ ಯಾವ ಘಟನೆ ಯಾವುದರ ನಂತರ ನಡೆಯಿತು ಎಂಬ ಕ್ರಮವನ್ನು ಅಚ್ಚಿನಲ್ಲಿ ಓದಿದವರು ಹೆಚ್ಚು ಸರಿಯಾಗಿ ಹೇಳಿದರು.

ಇದನ್ನೆಲ್ಲ ತೂಗಿ ನಾನು ಬರೆದುಕೊಟ್ಟ ಸಲಹೆ ಹೀಗಿತ್ತು. ಎರಡು ಟ್ಯಾಬ್ಲೆಟ್ ಕೊಳ್ಳುವುದು, 28,000 ರೂಪಾಯಿ. ಉಳಿದ 12,000 ರೂಪಾಯಿಗೆ ಅಚ್ಚಿನ ಕನ್ನಡ ಪುಸ್ತಕ ಕೊಳ್ಳುವುದು, ಅದರಲ್ಲಿ ಮಕ್ಕಳ ವಿಜ್ಞಾನದ ಪುಸ್ತಕಗಳಿಗೆ ಮೊದಲ ಆದ್ಯತೆ. ಟ್ಯಾಬ್ಲೆಟ್ ಮಕ್ಕಳ ಮನೆಗೆ ಹೋಗಬಾರದು. ಓದಿನ ಅವಧಿಯಲ್ಲಿ ಇಂಟರ್‌ನೆಟ್ ಬಂದ್ ಇರಬೇಕು. ಅದಿರಿನ ಲಾರಿ ಓಡಾಡುವ ಊರಾದ್ದರಿಂದ ಕೆಂಪು ದೂಳು ಚಾರ್ಜಿಂಗ್ ತೂತಿಗೆ ಹೋಗದಂತೆ ಮುಚ್ಚಳವಿರುವ ಕವರು ಬೇಕು. ಎರಡರಲ್ಲಿ ಒಂದು ಟ್ಯಾಬ್ಲೆಟ್ ಮೇಲೆ ಮೊದಲ ಹಕ್ಕು, ಅಚ್ಚಿನ ಅಕ್ಷರ ಓದಲಾಗದ ಮಕ್ಕಳದ್ದು. ಇ-ರೀಡರ್ ಉತ್ತಮ ಸಾಧನ, ದೀರ್ಘ ಓದಿಗೆ ಟ್ಯಾಬ್ಲೆಟ್ಟಿಗಿಂತ ಉತ್ತಮ. ಆದರೆ ನಮ್ಮ ಮಕ್ಕಳಿಗೆ ಬೇಕಾದ ಕನ್ನಡ ಪುಸ್ತಕ ಅದಕ್ಕೆ ತಕ್ಕ ರೂಪದಲ್ಲಿ ಬಂದ ಮೇಲೆ ಕೊಳ್ಳೋಣ ಎಂದು ಕೊನೆಯಲ್ಲಿ ಸೇರಿಸಿದೆ. ಸಭೆಯಲ್ಲಿ ಒಬ್ಬರು, "ಡಿಜಿಟಲ್ ಅಂತ ಕೊಟ್ಟ ರೊಕ್ಕಕ್ಕ ಪುಸ್ತಕ ಯಾಕ?" ಎಂದು ಕೇಳಿದರಂತೆ. ಎರಡು ಟ್ಯಾಬ್ಲೆಟ್ಟಿನ ಮುಂದೆ 38 ಮಕ್ಕಳು ಸರದಿಯಲ್ಲಿ ನಿಂತಾಗ ಉಳಿದ 36 ಜನ ಏನು ಓದುತ್ತಾರೆ ಎಂದು ಮುಖ್ಯೋಪಾಧ್ಯಾಯರೇ ಮರುಪ್ರಶ್ನೆ ಹಾಕಿ ಒಪ್ಪಿಸಿದರು. ಹಳೆಯ ವಿದ್ಯಾರ್ಥಿಗಳೂ ಒಪ್ಪಿದರು.

ಸ್ವಂತಕ್ಕೆ ಕೊಳ್ಳುವ ಗೆಳೆಯರು ಕೇಳಿದರೆ ನನ್ನ ಉತ್ತರ ಬೇರೆ. ಇಂಗ್ಲಿಷ್ ಪುಸ್ತಕಗಳನ್ನು, ಉದ್ದದ ಬರಹಗಳನ್ನು ದಿನವೂ ಓದುವವರಾದರೆ ಇ-ರೀಡರ್ ತೆಗೆದುಕೊಳ್ಳಿ. ಕಣ್ಣಿಗೂ ಮನಸ್ಸಿಗೂ ನೆಮ್ಮದಿ. ಟಿಇಟಿ ತಯಾರಿಗೆ ಪಿಡಿಎಫ್ ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಪಠ್ಯಪುಸ್ತಕವೇ ನಿಮ್ಮ ಓದಾದರೆ ಟ್ಯಾಬ್ಲೆಟ್ಟೇ ಸರಿ. ಯಾವುದನ್ನೇ ಕೊಳ್ಳುವ ಮೊದಲು ಅಂಗಡಿಯಲ್ಲೇ 'ರಾಷ್ಟ್ರ', 'ಸ್ತ್ರೀ', 'ಕ್ಷೇತ್ರ', 'ಸೂರ್ಯ', 'ಉತ್ಕೃಷ್ಟ' ಈ ಐದು ಪದವಿರುವ ಒಂದು ಯೂನಿಕೋಡ್ ಫೈಲನ್ನು ತೆರೆದು ನೋಡಿ. ಐದೂ ಸರಿಯಾಗಿ ಕಂಡರೆ ಆ ಸಾಧನಕ್ಕೆ ಕನ್ನಡ ಬರುತ್ತದೆ ಎಂದರ್ಥ.

ಕೊನೆಯದಾಗಿ ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಕೋರಿಕೆ. 'ಬೆಳಕು' ಪಾಠವನ್ನು ಪೂರ್ತಿ ಟೈಪ್ ಮಾಡಿ, ಚಿತ್ರಗಳಿಗೆ ವಿವರಣೆ ಬರೆದು, ಒತ್ತಕ್ಷರ ತಿದ್ದಿ ಮುಗಿಸಲು ನನಗೆ ಐದು ಸಂಜೆ ಬೇಕಾದವು. ನಮ್ಮ ವಿಜ್ಞಾನ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇದ್ದೇವೆ. ತಲಾ ಒಂದು ಪಾಠ ಹಂಚಿಕೊಂಡರೆ ಎಂಟನೇ ತರಗತಿಯ ವಿಜ್ಞಾನ ಪುಸ್ತಕ ಒಂದೇ ಸೆಮಿಸ್ಟರಿನಲ್ಲಿ ಓದಲಾಗದ ಮಕ್ಕಳಿಗೆ ಓದುವ ರೂಪದಲ್ಲಿ ಸಿದ್ಧವಾಗುತ್ತದೆ. ಹೇಗೂ ಪಾಠಯೋಜನೆಗಾಗಿ ಆ ಪಾಠಗಳನ್ನು ನಾವು ಎರಡೆರಡು ಸಲ ಓದುತ್ತೇವೆ. ಯಾವ ಶಾಲೆಯಲ್ಲಿ ಯಾವ ಮಗುವಿಗೆ ಬೇಕೋ ಅಲ್ಲಿಗೆ ಪೆನ್‌ಡ್ರೈವಿನಲ್ಲಿ ಕಳಿಸಬಹುದು. ಶಾಲೆಯಲ್ಲಿ ಇರುವುದು ಟ್ಯಾಬ್ಲೆಟ್ಟಾಗಲಿ, ಇ-ರೀಡರಾಗಲಿ, ಮೇಷ್ಟ್ರ ಹಳೆಯ ಫೋನೇ ಆಗಲಿ, ತೆರೆಯುತ್ತದೆ. ಎರಡನೆಯ ಪಾಠವಾಗಿ 'ಶಬ್ದ' ಶುರು ಮಾಡಿದ್ದೇನೆ. ಜೊತೆಗೆ ಬರುವವರು ತಮ್ಮ ಪಾಠದ ಹೆಸರನ್ನು ವಿಜ್ಞಾನ ಪ್ರಯೋಗಾಲಯದ ಸೂಚನಾ ಫಲಕದಲ್ಲಿ ನಾನು ಅಂಟಿಸಿರುವ ಹಾಳೆಯ ಮೇಲೆ ಬರೆಯಿರಿ.